ದಿಬ್ಬದ ಮೇಲಿನ ಬೆಳೆ

ಜುಲೈ ೧೫

ರೊಟ್ಟಿ ಬಡಿದಿಟ್ಟು ಮತ್ತೆ ನರೇಗಲ್ಲಿಗೆ. ಬೆಳೆ ವಿಮೆ ಕಟ್ಟುವವರ ಸಾಲು. ಇಂದು ಜೊತೆಗೆ ಜಮಾಲಬಿ ಅತ್ತಿ. ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ನಮ್ಮ ಸ್ವಸಹಾಯ ಸಂಘದ ಹೆಂಗಸರಲ್ಲಿ ವಿಮೆ ಕಟ್ಟದೆ ಉಳಿದವಳು ಅವಳೊಬ್ಬಳೇ.

ಬಸ್ಸಿನಲ್ಲಿ ಬಿಡಿಸಿ ಹೇಳಿದೆ. ಎರಡು ದಾರಿ. ನೀರು ನಿಂತು ನಿನ್ನ ಹೊಲವೊಂದೇ ಮುಳುಗಿದರೆ ಎಪ್ಪತ್ತೆರಡು ತಾಸಿನೊಳಗೆ ಫೋನ್ ಮಾಡಬೇಕು. ಊರಿನ ಬೆಳೆಯೆಲ್ಲ ಕೆಟ್ಟರೆ ಫೋನ್ ಬೇಡ. ಪಂಚಾಯಿತಿಯಲ್ಲಿ ನಾಲ್ಕು ಹೊಲ ಆರಿಸಿ, ಕೊಯ್ದು, ತೂಗುತ್ತಾರೆ. ಸರಾಸರಿ ಗೊತ್ತುಮಾಡಿದ ಮಿತಿಗಿಂತ ಕಡಿಮೆ ಬಂದರೆ ಎಲ್ಲರಿಗೂ ಪರಿಹಾರ.

"ನೀ ಹೇಳಿದಿ ಅಂತ ಕಟ್ಟತೀನಿ ನೋಡವಾ."

ಎಷ್ಟು ಹಿಗ್ಗಿದೆ ನಾನು.

ಆಗಸ್ಟ್ ೧೮

ಜಿಟಿಜಿಟಿ ಮಳೆ, ಬಿಡುತ್ತಲೇ ಇಲ್ಲ. ನೀರೇನೂ ನಿಂತಿಲ್ಲ, ಆದರೆ ಹೆಸರುಕಾಯಿ ಗಿಡದಲ್ಲೇ ಮೊಳೆತಿದೆ. ಹಳ್ಳದ ಕಡೆ ನಮ್ಮದು ಕಪ್ಪಾಗಿ ನಾರುತ್ತಿದೆ. ಪಕ್ಕದ್ದು ಅತ್ತಿಯ ಹೊಲ... ಬಿಡಿಸಲು ಏನೂ ಉಳಿದಿಲ್ಲ. ದಿಬ್ಬದ ಮೇಲೆ ನಮ್ಮ ಒಂದು ತುಂಡು ಮಾತ್ರ ಹೇಗೋ ಉಳಿದಿದೆ.

ತೂಗುವ ನಾಲ್ಕು ಹೊಲಗಳಲ್ಲಿ ನಮ್ಮದೂ ಒಂದಂತೆ. ಅತ್ತಿಗೆ ಹೇಳಿದೆ.

"ಹಂಗಾರ ವಿಮೆ ಬಂದು ಸಾಲ ತೀರತೈತಿ, ನನ್ನ ಎತ್ತು ಉಳದ್ವು," ಎಂದಳು.

ಗಂಡ ಖಾದರ ಮಾವ ತೀರಿಕೊಂಡ ಮೇಲೆ ಆ ಜೋಡಿಯ ಬಾಡಿಗೆಯಲ್ಲೇ ಅವಳ ಮನೆ ನಡೆಯುವುದು.

ಆಗಸ್ಟ್ ೨೨, ಸಂಜೆ

ತೂಗುವವರು ಬಂದು ಹೋದರು. ನನ್ನ ಗಂಡ ಗದಗಿಗೆ ಹೋಗಿದ್ದರು, ಹೊಲದಲ್ಲಿ ನಮ್ಮ ಮಾವನೊಬ್ಬರೇ. ಚಹಾ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಇಲ್ಲೇ ಕೊಯ್ಯಬೇಕೆಂದು ಮೊಬೈಲಿನಲ್ಲಿ ಬಂದ ಜಾಗ ಹಳ್ಳದ ಕಡೆಯದು. ಮಾವ ಅಡ್ಡ ನಿಂತು ದಿಬ್ಬಕ್ಕೆ ಕರೆದೊಯ್ದರಂತೆ. ಬಂದವನಿಗೂ ಕೆಸರಿಗೆ ಇಳಿಯುವುದು ತಪ್ಪಿತು. ಅಲ್ಲೇ ಹಗ್ಗ ಹಿಡಿದು ಅಳೆದು ಕೊಯ್ಯಿಸಿದ.

"ಹಂಗ್ಯಾಕ ಮಾಡಿದ್ರಿ ಮಾವಾರ?"

"ಮನಿಗೆ ಬಂದವ್ರಿಗೆ ಹಳಸಿದ್ದು ಬಡಸ್ತೇವೇನು? ಹೊಲಕ್ಕ ಬಂದವ್ರಿಗೂ ಹಂಗ. ಕೊಳತದ್ದು ತೋರ್ಸಿದ್ರ ಭೂಮಿತಾಯಿ ಮಾನ ಏನಾಗಬೇಕು?"

ತೂಕ ಚಲೋ ಬಂತೆಂದು ನಗುತ್ತಿದ್ದರು. ಚಹಾದ ಲೋಟ ಎತ್ತಿಕೊಂಡು ಮನೆಗೆ ಬಂದೆ. ಉಳಿದ ಮೂರು ಹೊಲ ಕೆಟ್ಟಿವೆ. ಸರಾಸರಿ ಬೀಳಬಹುದು. ಬೀಳಲೇಬೇಕು.

ಜನವರಿ ೨೮

ಬೀಳಲಿಲ್ಲ. ಕೂದಲೆಳೆಯಷ್ಟು ಮೇಲೆ. ಪಕ್ಕದ ಪಂಚಾಯಿತಿಗೆ ವಿಮೆ ಬಂತು, ನಮಗಿಲ್ಲ.

ಅತ್ತಿಗೆ ನಾನೇ ಹೋಗಿ ಹೇಳಿದೆ. "ಇರ್ಲಿ ಬಿಡವಾ," ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಒಂದೇ ಹೊಲದ ತೂಕ ಎಲ್ಲ ಕೆಡಿಸಿತೆಂದು ಕಟ್ಟೆಯಲ್ಲಿ ಕೇಳಿಬಂದಿದ್ದ ಮಾವ ಊಟದ ಹೊತ್ತಿಗೆ ವಿಚಾರಿಸಿದರು — "ಇಂಥಾ ಮಳ್ಯಾಗ ಅಷ್ಟ ಚಲೋ ಬೆಳದಾಂವ ಯಾರಬೇ?"

"ನಮ್ಮ ದಿಬ್ಬದ್ದ ರೀ, ಮಾವಾರ."

ಅವರ ತುತ್ತು ಕೈಯಲ್ಲೇ ಉಳಿಯಿತು.

ಫೆಬ್ರುವರಿ ೩

ಮಾವ ಕಟ್ಟೆಗೆ ಹೋಗುತ್ತಿಲ್ಲ. ಅತ್ತಿಯ ಬಾಗಿಲವರೆಗೆ ಹೋಗುತ್ತಾರೆ, ಮರಳಿ ಬರುತ್ತಾರೆ. ಸಿಟ್ಟಿದೆ ನನಗೆ. ಆದರೂ ಮರಳಿ ಬಂದಾಗ ನೀರಿನ ತಂಬಿಗೆ ಮುಂದಿಡುತ್ತೇನೆ.

ಫೆಬ್ರುವರಿ ೧೧

ಅತ್ತಿ ಮಾರಿದ ಎತ್ತುಗಳನ್ನು ಒಯ್ಯಲು ಬೆಳಿಗ್ಗೆ ಟೆಂಪೋ ಬಂತು. ಎತ್ತುಗಳು ಹತ್ತಲೊಲ್ಲವು. ಕೊನೆಗೆ ಅತ್ತಿಯೇ ಮುಂದೆ ನಿಂತು ಕರೆದಳು. ಅವಳ ದನಿಗೆ ಹತ್ತಿದವು.

ಮಾವ ಹೊರಗೆ ಬಂದರು. ತಲೆಯ ರುಮಾಲು ಕೈಯಲ್ಲಿತ್ತು.

"ಜಮಾಲಬಿ... ಆ ತೂಕ ನನ್ನ ಹೊಲದ್ದು. ನಾನ ದಿಬ್ಬಕ್ಕ ಕರಕೊಂಡು ಹೋದೆ."

"ಗೊತ್ತೈತಿ ಅಣ್ಣಾ. ಅವತ್ತ ಬದುವಿನ ಮ್ಯಾಲ ನಾನೂ ನಿಂತಿದ್ದೆ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬೆಳಿ ತೋರಿಸ್ಕೋತ ಎಷ್ಟ ಖುಷಿಲೆ ಇದ್ರಿ ನೀವು. ಬ್ಯಾಡ ಅನ್ನಾಕ ನನಗ ಮನಸ ಬರಲಿಲ್ಲ."

ಮಾವ ಅಲ್ಲೇ ನೆಲಕ್ಕೆ ಕುಳಿತುಬಿಟ್ಟರು.

ಇದನ್ನು ಬರೆಯುವಾಗಲೂ ಕಿಟಕಿಯಿಂದ ಕಾಣುತ್ತಿದ್ದಾರೆ. ಅವಳ ಖಾಲಿ ಕೊಟ್ಟಿಗೆಯ ಮುಂದೆ. ಚಹಾ ಸಹ ಅವಳೇ ತಂದು ಕೊಟ್ಟಳು. ನಾನು ಹೋಗಿ ಎಬ್ಬಿಸಿಕೊಂಡು ಬರಬೇಕು. ಏನೆಂದು—