ಬಂಕರಿನಲ್ಲಿ ಬಿಟ್ಟುಹೋದ ಮುದುಕಿ

ಮಾರ್ಚ್ 3, ಬೆಳಿಗ್ಗೆ

ಈ ವಾರವೂ ಪ್ರಳಯ. ಸಂಪಾದಕ ವಿಮರ್ಶೆಗೆ ಕಳಿಸಿದ ಪಾರ್ಸೆಲ್‌ನಲ್ಲಿ ಮೂರು ಕಾದಂಬರಿ, ಮೂರರಲ್ಲೂ ಜಗತ್ತು ಮುಗಿದಿದೆ. ಒಂದರಲ್ಲಿ ವೈರಸ್, ಒಂದರಲ್ಲಿ ರೋಬೋಟ್, ಇನ್ನೊಂದರಲ್ಲಿ ಬೂದಿ. ಲೋಕ ಸುಟ್ಟು ಕರಕಲಾದರೂ ನಾಯಕನ ಗಡ್ಡ ಮಾತ್ರ ಟ್ರಿಮ್ ಆಗಿರುತ್ತದೆ. ನಾಯಕಿಗೆ ಶ್ಯಾಂಪೂ ಎಲ್ಲಿಂದ ಸಿಕ್ಕಿತೋ, ಲೇಖಕನೇ ಬಲ್ಲ. ಒಂದು ದಿನ ನಲ್ಲಿ ನಿಂತರೆ ಅಮ್ಮಾ ಎಂದು ಕೂಗುವ ಗಂಡಸರು. ಬರೆಯುವುದು ಮಾತ್ರ ಮನುಕುಲದ ಅಂತ್ಯ!

ರೋಬೋಟಿಗೆ ಎರಡು ಸಾಲು ಸಾಕು. ವೈರಸ್‌ಗೆ ಅದೂ ದಂಡ.

ಮಾರ್ಚ್ 5

ಆಪರೇಷನ್ ಆದ ಅತ್ತೆಯ ಎಡಗಣ್ಣಿನ ಕಟ್ಟು ಬಿಚ್ಚಿದರು. ಬರೀ ಮಬ್ಬು. ಬಲಗಣ್ಣು ಮೊದಲೇ ಹೋಗಿತ್ತು. ಮಗನಿಗೆ, ಅಂದರೆ ಇವರಿಗೆ, ರಜೆ ಸಿಗಲಿಲ್ಲವಂತೆ. ನಾನೇ ಹೋಗಿದ್ದೆ.

"ಕಾದು ನೋಡೋಣ" ಅಂದರು ಡಾಕ್ಟರು.

"ಕಾಯ್ತೀನಪ್ಪಾ. ನೋಡೋದು ಹೇಗೆ?" ಅಂದರು ಅತ್ತೆ.

ಮನೆಗೆ ಬಂದರೆ ಹೊತ್ತು ಹೋಗುತ್ತಿಲ್ಲ ಅವರಿಗೆ. "ಅದೇನೋ ಓದ್ಕೊಂಡು ಬೈತಿರ್ತೀಯಲ್ಲ, ಅದನ್ನೇ ಸ್ವಲ್ಪ ಗಟ್ಟಿಯಾಗಿ ಓದೇ."

ಬೂದಿಯ ಪುಸ್ತಕ ಶುರು ಮಾಡಿದೆ.

ಮಾರ್ಚ್ 8

ಬೂದಿ ರುಚಿಸಿಬಿಟ್ಟಿದೆ ಅತ್ತೆಗೆ. ಆಕಾಶದಿಂದ ಬೂದಿ ಸುರಿಯುವ ಊರು, ನೆಲದಡಿಯ ಬಂಕರಿನಲ್ಲಿ ಒಂದು ಸಂಸಾರ. ನನಗೆ ಪುಟಕ್ಕೊಂದು ಆಕಳಿಕೆ. "ಗಾಳಿ ಮರಣಗೀತೆ ಹಾಡಿತು" — ಹಿಂದಿನ ಪುಟದಲ್ಲೂ ಅದೇ ಗಾಳಿ, ಅದೇ ಗೀತೆ. ನಕ್ಕೆ. ಅತ್ತೆ ಗದರಿದರು.

"ಗಾಳಿ ಹಾಡ್ಕೊಳ್ಲಿ ಬಿಡು. ಊಟದ ಡಬ್ಬಿ ಎಷ್ಟು ಉಳಿದ್ವು, ಅದನ್ನ ಹೇಳು."

ಮಾರ್ಚ್ 11

ಮುಂದಿನ ಅಧ್ಯಾಯ ನಾನೊಬ್ಬಳೇ ಓದಿ ಮುಗಿಸಿದೆ. ಕಣ್ಣು ಕಾಣದ ಮುದುಕಿಯನ್ನು ಬಂಕರಿನಲ್ಲೇ ಬಿಟ್ಟು ಮಗ, ಸೊಸೆ, ಮಗಳು ಹೊರಟುಬಿಡುತ್ತಾರೆ. "ನಿನ್ನ ಒಳ್ಳೇದಕ್ಕೇ ಅಮ್ಮಾ" ಅನ್ನುತ್ತಾನೆ ಮಗ. ಥೂ. ಟಿವಿ ಸೀರಿಯಲ್‌ಗೆ ಬರೆಯಬೇಕಿತ್ತು ಈತ.

ವಿಮರ್ಶೆ ಕಳಿಸಿಯೇಬಿಟ್ಟೆ. "ಲೇಖಕರಿಗೆ ಪ್ರಳಯವೂ ಗೊತ್ತಿಲ್ಲ, ಮನೆಯೂ ಗೊತ್ತಿಲ್ಲ. ಹೀಗೆ ಯಾರೂ ಮಾಡುವುದಿಲ್ಲ, ಹೀಗೆ ಯಾರೂ ಮಾತಾಡುವುದಿಲ್ಲ."

ಸಂಪಾದಕನ ಫೋನ್. "ಉಪ್ಪು ಖಾರ ಸರಿಯಾಗಿ ಬಿದ್ದಿದೆ ಮೇಡಂ. ಭಾನುವಾರ ಹಾಕ್ತೀವಿ." ಪುಸ್ತಕ ಇವನು ಮುಟ್ಟಿಯೂ ನೋಡಿರಲಿಕ್ಕಿಲ್ಲ.

ಮಾರ್ಚ್ 12, ಸಂಜೆ

ನಾದಿನಿ ಬಂದಿದ್ದಳು. ಅಡುಗೆಮನೆಯಲ್ಲಿ ಅಣ್ಣ ತಂಗಿಯ ಪಿಸುಪಿಸು. ವೃದ್ಧಾಶ್ರಮ ಎಂದರೆ ನಾಲಿಗೆ ಸುಡುತ್ತದೆ — "ಕೇರ್ ಸೆಂಟರ್" ಅಂತೆ. ಫೋನಿನಲ್ಲಿ ಫೋಟೋ ತೋರಿಸಿದಳು. ಹೂಕುಂಡದ ಪಕ್ಕ ನಗುವ ಮುದುಕರು. ಬಾಡಿಗೆಗೆ ತಂದವರಿರಬೇಕು.

"ನಿಮಗೂ ಬರೆಯೋಕೆ ಟೈಮ್ ಸಿಗುತ್ತೆ ಅತ್ತಿಗೆ."

ಇವರು ಗೋಡೆ ನೋಡುತ್ತ, "ಅಮ್ಮನ ಒಳ್ಳೇದಕ್ಕೇ ತಾನೇ?" ಅಂದರು.

ಅದೇ ಮಾತು. ಬೂದಿಯ ಪುಸ್ತಕ ಇವರು ಓದಿಲ್ಲ. ಓದುವ ಅಭ್ಯಾಸವೇ ಇಲ್ಲ.

ಭಾನುವಾರ ಕರೆದೊಯ್ಯುವುದಂತೆ. ನಾನು ಏನು ಹೇಳಿದೆ? "ಯೋಚನೆ ಮಾಡಿ" ಅಂದೆ. ಭಾರೀ ಪೌರುಷ.

ಮಾರ್ಚ್ 13

ಆ ಅಧ್ಯಾಯ ಬಂತು. ಬಾಯಿಗೆ ಬಂದದ್ದು ಓದಿದೆ — ಮಗ ತಾಯಿಯನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಹತ್ತಿದ, ಸೊಸೆ ಹಿಂದಿನಿಂದ ಹಿಡಿದುಕೊಂಡಳು... ಲೇಖಕನಿಗಿಂತ ಕೆಟ್ಟದಾಗಿ ಕಟ್ಟಿದೆ.

ಅತ್ತೆ ನನ್ನತ್ತ ಕಿವಿ ತಿರುಗಿಸಿದರು. ಆಮೇಲೆ, "ಪುಟ ತಿರುಗಿಸೋ ಸದ್ದೇ ಇಲ್ವಲ್ಲೇ. ಬಿಟ್ಟುಹೋದ್ರು ತಾನೇ?"

"ಹೂಂ."

"ಇದ್ದಿದ್ದನ್ನ ಇದ್ದ ಹಾಗೇ ಓದು."

ಓದಿದೆ. ಗಾಳಿಯ ಗೀತೆಯನ್ನೂ ಬಿಡಲಿಲ್ಲ. ನಗು ಬರಲಿಲ್ಲ.

"ಬರೆದೋನಿಗೆ ಮನೆ ಅಂದ್ರೇನು ಗೊತ್ತು ಕಣೇ" ಅಂದರು. "ನನಗೆ ಕಣ್ಣು ಹೋಗಿದೆ, ಕಿವಿ ಹೋಗಿಲ್ಲ. ನಿನ್ನೆ ಅಡುಗೆಮನೇಲಿ ಮಾತಾಡಿದ್ದೆಲ್ಲ ಕೇಳಿಸ್ತು."

ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ನಿಮಗೆ ಹೋಗೋ ಮನಸ್ಸಿದೆಯಾ ಅತ್ತೆ?"

"ಇಲ್ಲ."

ಅಷ್ಟೇ. ಮೂರು ಜನ ಡಿಗ್ರಿ ಹೊತ್ತವರು, ಒಬ್ಬರಿಗೂ ಕೇಳಬೇಕೆಂದು ತೋಚಿರಲಿಲ್ಲ.

ಮಾರ್ಚ್ 14

ಇವರಿಗೆ ಹೇಳಿದೆ. "ಅಮ್ಮ ಎಲ್ಲಿಗೂ ಹೋಗಲ್ಲ."

"ನೋಡ್ಕೊಳ್ಳೋರು ಯಾರು?"

"ನಾವು. ನಾವು ಅಂದ್ರೆ ನೀವೂ."

ಹರಳೆಣ್ಣೆ ಕುಡಿದ ಮುಖ. "ನಂಗೆ ಅದೆಲ್ಲ ಬರಲ್ಲ." ಬರದೇ ಇರುವುದನ್ನು ಇಷ್ಟು ಹೆಮ್ಮೆಯಿಂದ ಹೇಳುವುದು ಗಂಡಸರು ಮಾತ್ರ. ಕಲಿಯಿರಿ ಅಂದೆ.

ಸಂಪಾದಕನಿಗೂ ಫೋನ್ ಮಾಡಿದೆ — ವಿಮರ್ಶೆ ನಿಲ್ಲಿಸಿ. "ಪೇಜ್ ಪ್ರಿಂಟಿಗೆ ಹೋಯ್ತಲ್ಲ ಮೇಡಂ."

ಮಾರ್ಚ್ 16, ಭಾನುವಾರ

ಬೆಳಿಗ್ಗೆಯೇ ನಾದಿನಿಯ ಕಾರು. ಕೈಯಲ್ಲಿ ಪೇಪರ್. "ಸೂಪರ್ ಬರೆದಿದ್ದೀರಿ ಅತ್ತಿಗೆ! ಹೆತ್ತ ತಾಯೀನ ಯಾರಾದ್ರೂ ಹಾಗೆ ಬಿಟ್ಟುಹೋಗ್ತಾರಾ? ಏನೇನೋ ಬರೀತಾರಪ್ಪ." ಅದೇ ಉಸಿರಿನಲ್ಲಿ, "ಅಮ್ಮನ ಬ್ಯಾಗ್ ರೆಡೀನಾ?"

ನಗಲೋ ಅಳಲೋ ತಿಳಿಯಲಿಲ್ಲ. "ಅಮ್ಮ ಬರಲ್ಲ" ಅಂದೆ.

ಅಣ್ಣನ ಮುಖ ನೋಡಿದಳು. ಇವರು ಗೋಡೆ ನೋಡದೆ, "ಹೌದು, ಬರಲ್ಲ" ಅಂದರು. ಇಷ್ಟು ವರ್ಷದಲ್ಲಿ ಇವರು ಹೇಳಿದ ಮೊದಲ ನೆಟ್ಟಗಿನ ವಾಕ್ಯ.

"ನಾಳೆ ನನ್ನ ಹತ್ರ ಅಳ್ಬೇಡಿ" ಎಂದು ದಡಾರನೆ ಬಾಗಿಲು ಹಾಕಿಕೊಂಡು ಹೋದಳು.

ಈಗ ಒಳಗೆ ಇವರು ಅಮ್ಮನ ಕಣ್ಣಿಗೆ ಡ್ರಾಪ್ಸ್ ಹಾಕುತ್ತಿದ್ದಾರೆ. "ಮೂಗಿಗಲ್ವೋ, ಕಣ್ಣಿಗೆ!" — ಅತ್ತೆ. ಇನ್ನೊಂದು ತೊಟ್ಟು ಕಿವಿಗೆ ಹೋಯಿತಂತೆ. ಇವರು ನನ್ನನ್ನು ಕೂಗುತ್ತಿದ್ದಾರೆ. ಏಳುವುದಿಲ್ಲ. ಮೂರನೆಯ ಸಲ ಕೂಗಿದರೂ ಏಳು—