ಒದ್ದೆ ಕಸ, ನಿಂತ ಕುಲುಮೆ

ಕಸದ ಮೈದಾನದ ಹಿಂದಿನ ಬೀದಿಯಿಂದ,
ತಾರೀಕು ಹದಿನೇಳು, ಮಂಗಳವಾರ

ಪ್ರೀತಿಯ ಪುಟ್ಟಿಗೆ,

ಸೂರ್ಯನ ಬಾಗಿಲು ತೆಗೆದು ಒಳಗೆ ಇಣುಕಿ, ಮೀಸೆಯ ಒಂದು ಕೂದಲೂ ಸುಡದೆ ವಾಪಸು ಬಂದ ಏಕೈಕ ಮನುಷ್ಯನಾದ ನಿನ್ನ ಸೋದರಮಾವ ಬರೆಯುವುದೇನೆಂದರೆ: ಹೇಗಿದ್ದೀಯೇ? ಆಸ್ಪತ್ರೆಯಲ್ಲಿ ಪಾಳಿ ಮೇಲೆ ಪಾಳಿ ಮಾಡಿ ಸೊಂಟ ಮುರಿದುಕೊಳ್ಳಬೇಡ. ಇಲ್ಲಿ ನಿನ್ನ ಅಮ್ಮನಿಗೆ ಕೆಮ್ಮು. ನನ್ನನ್ನು ಬಯ್ಯುವಾಗ ಮಾತ್ರ ನಿಲ್ಲುತ್ತದೆ. ಔಷಧಿಯೆಂದು ದಿನಕ್ಕೆರಡು ಸಲ ಬೈಸಿಕೊಳ್ಳುತ್ತೇನೆ.

ಅವಳನ್ನು ಹೊಗೆಯಿಂದ ದೂರದ ಮನೆಗೆ ಸೇರಿಸು ಎಂದು ದುಡ್ಡು ಕಳಿಸಿ, ಮನೆ ಸಿಕ್ಕಿತೇ ಎಂದು ಮೂರು ಪತ್ರ ಬರೆದಿದ್ದೀ. ಅವಸರ ಮಾಡಬೇಡ, ಮೊದಲು ಕುಲುಮೆಯ ವಿಷಯ ಕೇಳು. ನಾನು ಲಾರಿ ತೂಗುತ್ತಿದ್ದ ಮೈದಾನಕ್ಕೆ ಪ್ಲಾಸ್ಮಾ ಕುಲುಮೆ ಬಂತಲ್ಲ, ಅದು ಕಸಕ್ಕೆ ಬೆಂಕಿ ಹಚ್ಚುವುದಿಲ್ಲ. ನಾನು ಇಣುಕಿದ ಸೂರ್ಯ ಅದೇ, ಮಿಂಚಿನಂಥ ಕಾವು ಹುಟ್ಟಿಸಿ ಕಸವನ್ನೇ ಅನಿಲ ಮಾಡುತ್ತದೆ. ಆ ಅನಿಲ ತೊಳೆದು ಕರೆಂಟು ತೆಗೆಯುತ್ತಾರೆ. ಉಳಿದದ್ದು ಗಾಜಿನಂಥ ಕಪ್ಪು ಕಲ್ಲು. ವಿಷವೆಲ್ಲ ಅದರೊಳಗೇ ಸೆರೆ, ರಸ್ತೆಗೆ ಹಾಸಬಹುದು. ಎಂಟು ತಿಂಗಳು ಕಸದ ಗುಡ್ಡೆ ಹೊಗೆಯಾಡಲಿಲ್ಲ. ಬಾವಿಗೆ ಕೊಳೆನೀರು ಇಳಿಯುವುದು ಕಡಿಮೆಯಾಯಿತು. "ಗಾಳಿಗೆ ವಾಸನೇನೇ ಇಲ್ಲ ಕಣೋ, ನನ್ನ ಮೂಗೇ ಕೆಟ್ಟಿದೆಯೇನೋ" ಎಂದಳು ಅಕ್ಕ. ಆಗ ಕೆಮ್ಮೂ ಇರಲಿಲ್ಲ.

ಹೊಗೆಯೇ ಇಲ್ಲದ ಮೇಲೆ ಮನೆ ಬದಲಿಸುವುದೇಕೆ? ನಿನ್ನ ದುಡ್ಡಿನಲ್ಲಿ ಒಂಚೂರು ತೆಗೆದು ಠೇವಣಿ ಕಟ್ಟಿ, ಕುಲುಮೆಗೆ ಕಸ ಒದಗಿಸುವ ಗುತ್ತಿಗೆ ಹಿಡಿದೆ. ತೂಕದ ಲೆಕ್ಕದಲ್ಲಿ ಕೂಲಿ. ಇಪ್ಪತ್ತು ವರ್ಷ ತೂಗಿದವನಿಗೆ ಗೊತ್ತಿಲ್ಲದ ವಿದ್ಯೆಯೇ? ತೂಕ ಹೆಚ್ಚಲೆಂದು ಲಾರಿಗಳ ಮೇಲೆ ನೀರು ಹೊಡೆಸಿದೆ. ಗುಡ್ಡೆಗೆ ಸುರಿಯುವಾಗ ಎಲ್ಲರೂ ಮಾಡುತ್ತಿದ್ದುದೇ. ಕುಲುಮೆಗೆ ಹಾಗಲ್ಲವಂತೆ, ನೀರು ಆರಿಸುವುದಕ್ಕೇ ಅದರ ಕಾವೆಲ್ಲ ಹೋಗಿ, ಕೊಡುವ ಕರೆಂಟಿಗಿಂತ ತಿನ್ನುವ ಕರೆಂಟು ಹೆಚ್ಚಾಯಿತು. ಕುಲುಮೆ ನೋಡಿಕೊಳ್ಳುವ ಎಂಜಿನಿಯರಮ್ಮ ಒಂದು ಹಿಡಿ ಕಸ ಹಿಂಡಿ, "ಇದೇನ್ ಕಸಾನಾ, ಒಗೆದ ಬಟ್ಟೇನಾ ಯಜಮಾನ್ರೇ?" ಎಂದಳು.

ಗುತ್ತಿಗೆ ಹೋಯಿತು, ಠೇವಣಿ ಮುಟ್ಟುಗೋಲಾಯಿತು. ನಷ್ಟವೆಂದು ಕುಲುಮೆಯನ್ನೂ ನಿಲ್ಲಿಸಿದರು. ಗುಡ್ಡೆ ಮತ್ತೆ ಬೆಳೆದು ತನ್ನಷ್ಟಕ್ಕೆ ಹೊತ್ತಿಕೊಂಡಿದೆ. ಅಕ್ಕ ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ, ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡುತ್ತಾಳೆ.

ನಿನಗಾದರೂ ಒಳ್ಳೆಯ ಗಾಳಿ, ಹೊಟ್ಟೆ ತುಂಬ ಊಟ ಸಿಗುತ್ತಿರಲಿ.

ನಿನ್ನ ಮಾವ

ತಾ.ಕ.: ಅಂಚೆಯವನು ಕಾಯುತ್ತಿದ್ದಾನೆ. ಒಂಚೂರು ಎಂದೆನಲ್ಲ, ಅಕ್ಕನಿಗೂ ಹಾಗೆಯೇ ಹೇಳಿದ್ದೇನೆ. ಒಂಚೂರಲ್ಲ ಪುಟ್ಟಿ. ನಾಲ್ಕು ಲಕ್ಷದ ಹದಿನೆಂಟು ಸಾವಿರ. ನೀನು ಕಳಿಸಿದ್ದಷ್ಟೂ.