ಫರಸಿಯ ಮೇಲೆ ಹಾಸಿದ ಕಂಬಳಿ

ಹಿಟ್ನಾಳ
24 ನವೆಂಬರ್ 2024, ಭಾನುವಾರ

ಯಜಮಾನರಿಗೆ, ನಿಮ್ಮ ಶಿವಲಿಂಗಮ್ಮ ಮಾಡುವ ನಮಸ್ಕಾರಗಳು.

ಆರೋಗ್ಯವಾಗಿದ್ದೀರಾ? ಮಿರ್ಯಾಲಗುಡದಲ್ಲಿ ಹಗಲೆಲ್ಲ ಭತ್ತ ಕೊಯ್ಯುವ ಮಷೀನಿನ ಮೇಲೆ ಕೂತು ಸೊಂಟ ಹಿಡಿದಿದೆ ಎಂದಿದ್ದಿರಿ. ಎಣ್ಣೆ ತಿಕ್ಕಿಸಿಕೊಂಡಿರೋ, ಇಲ್ಲ ಎಂದಿನ ಮೊಂಡುತನವೋ? ಬರೀ ಅನ್ನ ಉಂಡು ಸೊರಗಬೇಡಿ. ಅಲ್ಲಾಸಾಬನ ಲಾರಿ ನಾಳೆ ನಸುಕಿಗೆ ಆ ಕಡೆ ಹೊರಡುತ್ತದೆ. ಅವನ ಕೈಯಲ್ಲಿ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಜೊತೆಗೆ ಈ ಪತ್ರ. ಫೋನಿರುವಾಗ ಪತ್ರವೇಕೆ ಎನ್ನಬೇಡಿ. ನಿಮಗೆ ಸುಳ್ಳು ಹೇಳಿದ್ದು ಫೋನಿನಲ್ಲೇ. ನಿಮ್ಮ ದನಿ ಕೇಳಿದರೆ ಮತ್ತೆ ಅದೇ ಸುಳ್ಳು ಬಾಯಿಗೆ ಬರುತ್ತದೆ.

ಅತ್ತೆಯ ಹೊಲಿಗೆ ಬಿಚ್ಚಿದ್ದಾರೆ. ತೊಡೆಯ ಮೂಳೆ ಕೂಡುವವರೆಗೆ, ಇನ್ನೂ ಒಂದೂವರೆ ತಿಂಗಳು, ಕಾಲೂರಬಾರದಂತೆ. ಆದರೆ ಅವರು ಬಿದ್ದದ್ದು, ನಾನು ಹೇಳಿದಂತೆ, ಹಾಲು ಹಾಕುವ ಹೊಳಿಯಮ್ಮ ಕ್ಯಾನು ತೊಳೆದು ಬಾಗಿಲಲ್ಲಿ ಚೆಲ್ಲಿದ ನೀರಿನಿಂದಲ್ಲ. ಅವಳು ನೀರು ಚೆಲ್ಲಿಯೇ ಇರಲಿಲ್ಲ. ಅತ್ತೆಯನ್ನು ಬೀಳಿಸಿದವಳು ನಾನು.

ಅಂಗನವಾಡಿಯವರಿಗೆ ಕೊಪ್ಪಳದಲ್ಲಿ ಎರಡು ದಿನ ಯೋಗದ ತರಬೇತಿ ಇತ್ತಲ್ಲ, ಮನೆಯ ಹಿರಿಯರಿಗೆ ಒಂದು ಆಸನ ಕಲಿಸಿ ವಿಡಿಯೋ ಕಳಿಸಿರಿ ಎಂದಿದ್ದರು. ನನಗೆ ಎಲ್ಲರಿಗಿಂತ ಮೊದಲು ಕಳಿಸುವ ಹುಚ್ಚು. ಅತ್ತೆಗೆ ವೃಕ್ಷಾಸನ ಹಿಡಿಸಿದೆ: ಒಂಟಿಗಾಲಲ್ಲಿ ನಿಂತು, ಇನ್ನೊಂದು ಪಾದವನ್ನು ತೊಡೆಗೆ ಒತ್ತಿ, ಕೈ ಮೇಲೆತ್ತಿ ಓಂಕಾರ. “ಈ ವಯಸ್ಸಿನ್ಯಾಗ ನನ್ನ ಕೊಕ್ಕರಿ ಮಾಡ್ತಿಯೇನ?” ಎಂದು ನಕ್ಕರು. ಆಮೇಲೆ ಅವರಿಗೇ ರುಚಿ ಹತ್ತಿತು. ಒಂದು ವಾರ ಕಂಬ ಹಿಡಿದು ನಿಂತರು. ಒಂದು ದಿನ “ಓಂ ಅಂದರ ಏನವಾ?” ಎಂದು ಕೇಳಿದರು. ನಾನು ತರಬೇತಿಯ ಪಾಠ ಒಪ್ಪಿಸಿದೆ: ಅ ಹೊಟ್ಟೆಯಿಂದ, ಉ ಎದೆಯಿಂದ, ಮ್ ತುಟಿಯಲ್ಲಿ, ಕೊನೆಗೆ ಉಳಿಯುವ ಮೌನವೇ ಅದರ ಅರ್ಥ. ಅತ್ತೆ, “ಹಂಗಾರ ಬಾಯಿಲೆ ಅನ್ನೂದು ದೊಡ್ಡದಲ್ಲ. ಅಂದ ಮ್ಯಾಲ ಹೆಂಗ ಇರ್ತೀವಿ ಅನ್ನೂದು ದೊಡ್ಡದು” ಎಂದರು. ನಿಮ್ಮವ್ವನಿಗೆ ತಿಳಿದಷ್ಟು ಕಲಿಸಿದ ನನಗೆ ತಿಳಿದಿರಲಿಲ್ಲ.

ವಿಡಿಯೋದ ದಿನ ಅತ್ತೆ ಮಿಂದು, ವಿಭೂತಿ ಹಚ್ಚಿ, ಇಳಕಲ್ ಸೀರೆಯುಟ್ಟು ಬಂದರು. “ಓಂಕಾರ ಬರೀ ನೆಲದ ಮ್ಯಾಲ ಅನ್ನಬಾರದು, ಕಂಬಳಿ ಹಾಸು” ಎಂದರು. ನಮ್ಮಲ್ಲಿ ಶಿವನ ಹೆಸರೆತ್ತಿದರೆ ಮೊದಲು ಕಂಬಳಿ ತಾನೇ? ತರಬೇತಿಯಲ್ಲಿ ಬರಿಗಾಲು, ಬರಿ ನೆಲ ಎಂದು ಹತ್ತು ಸಲ ಹೇಳಿದ್ದರು. ಆದರೂ, ಕರಿ ಕಂಬಳಿ ವಿಡಿಯೋದಲ್ಲಿ ಚಂದ ಕಾಣುತ್ತದೆಂದು, ಆ ನುಣ್ಣನೆಯ ಫರಸಿ ಕಲ್ಲಿನ ನೆಲದ ಮೇಲೆ ಹಾಸಿಬಿಟ್ಟೆ. ಕಂಬ ಬಿಡಿ, ಕಣ್ಣು ಮುಚ್ಚಿ ಎಂದವಳೂ ನಾನೇ. ಓಂಕಾರ ಮುಗಿಯುವುದರೊಳಗೆ ಕಂಬಳಿ ಜಾರಿತು. ನಾನು ಮೊದಲು ವಿಡಿಯೋ ಬಂದ್ ಮಾಡಿದೆ, ಆಮೇಲೆ ಅತ್ತೆಯ ಹತ್ತಿರ ಓಡಿದೆ.

ಆಸ್ಪತ್ರೆಯಲ್ಲಿ ನೀವು ಫೋನಿನಲ್ಲಿ “ಯವ್ವ ಹೆಂಗ ಬಿದ್ಲು?” ಎಂದು ಚೀರಿದಾಗ ಹೊಳಿಯಮ್ಮನ ಹೆಸರು ಬಾಯಿಗೆ ಬಂತು. ಆ ಮುಂಜಾನೆ ಹಾಲು ಹಾಕಿ ಹೋಗಿದ್ದಳು, ಅಷ್ಟೇ ಅವಳ ತಪ್ಪು. ನೀವು ಅವಳ ಮಗ ಗಾಳೆಪ್ಪನಿಗೆ ಫೋನ್ ಹಚ್ಚಿ, ಅವನ ಫೋನಿನ ಸ್ಪೀಕರಿನಲ್ಲಿ ಹಾಲಿನ ಡೇರಿಯ ಮುಂದಿನ ಹತ್ತು ಮಂದಿ ಕೇಳುವಂತೆ ಅವಳನ್ನು ಬೈದಿರಿ. ಅಂದಿನಿಂದ ಅವಳು ನಮ್ಮ ಹೊಸ್ತಿಲು ತುಳಿದಿಲ್ಲ. ಓಣಿಯ ಮತ್ತೆರಡು ಮನೆಯವರೂ ಅವಳ ಹಾಲು ಬಿಟ್ಟರು. ಅತ್ತೆ, ಹೊಳಿಯಮ್ಮ ಒಂದೇ ವರ್ಷ ಈ ಓಣಿಗೆ ಸೊಸೆಯಾಗಿ ಬಂದವರು. ಹಾಲಿನ ಹೊತ್ತಾದರೆ ಅತ್ತೆ ಮಲಗಿದಲ್ಲಿಂದಲೇ ಬಾಗಿಲ ಕಡೆ ಮುಖ ತಿರುಗಿಸುತ್ತಾರೆ. ನಾನು ಕೊಟ್ಟ ಚಹಾ ಅರ್ಧಕ್ಕೇ ಇಡುತ್ತಾರೆ.

ನಿಜ ಗೊತ್ತಿದ್ದೂ ಅತ್ತೆ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ನಿನ್ನೆ ತಲೆ ಬಾಚುವಾಗ ಮಾತ್ರ, “ನಿನ್ನ ಮಾನ ಉಳಿಸಾಕ ಹೋಗಿ ನನ್ನ ಗೆಳತಿ ಮಾನ ಕಳದ್ನಲ್ಲವಾ” ಎಂದು ಅತ್ತರು. ಥೂ, ನನ್ನ ಬಾಳೇ! ಬೈದಿದ್ದರೆ ಸಹಿಸುತ್ತಿದ್ದೆ.

ಮಗಳು ಶ್ವೇತಾ ನಿಮ್ಮ ದಾರಿ ಕಾಯುತ್ತಿದ್ದಾಳೆ. ಅತ್ತೆಯ ಆಶೀರ್ವಾದ ನಿಮ್ಮ ಮೇಲಿರಲಿ. ರಾತ್ರಿ ಮಷೀನು ಓಡಿಸಬೇಡಿ.

ನಿಮ್ಮ,
ಶಿವಲಿಂಗಮ್ಮ

ಇನ್ನೊಂದು ಮಾತು: ಇದನ್ನು ಬರೆದು ಮಡಚಿಟ್ಟು ಸಂಜೆ ಹೊಳಿಯಮ್ಮನ ಮನೆಗೆ ಹೋಗಿದ್ದೆ. ಹಾಲು ಹಿಂಡುತ್ತಿದ್ದಳು. ಕಾಲು ಹಿಡಿದು ಎಲ್ಲ ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ, ಮುಖವನ್ನೂ ನೋಡಲಿಲ್ಲ. “ಇಲ್ಲಿ ಅತ್ತರ ಎಮ್ಮಿ ಅಷ್ಟ ಕೇಳ್ತಾವ. ನಿನ್ನ ಗಂಡ ಮಲ್ಲೇಶ ನನ್ನ ಬೈದದ್ದು ಮಂದಿ ಮುಂದ” ಎಂದಳು. ಅದಕ್ಕೆ ನಾಳೆ ಬೆಳಿಗ್ಗೆ ಡೇರಿಯ ಮುಂದೆ, ಹಾಲು ಹಾಕಲು ನಿಂತವರೆಲ್ಲರ ಎದುರು ಹೇಳುತ್ತೇನೆ. ಮನೆತನದ ಮರ್ಯಾದೆ ಎಂದು ನೀವು ತಡೆಯುತ್ತಿದ್ದಿರಿ. ಈ ಪತ್ರ ಬಿಚ್ಚುವ ಹೊತ್ತಿಗೆ ಹೇಳಿ ಮುಗಿದಿರುತ್ತದೆ. ನನ್ನನ್ನು ಆಮೇಲೆ ಬೈಯಿರಿ. ಮೊದಲು ಹೊಳಿಯಮ್ಮನಿಗೆ ಫೋನ್ ಮಾಡಿರಿ.